ಗುಂಡ್ಯದ ಅಂಗಳದಲ್ಲಿ ಚೀಲದ ಆಲೂಗೆಡ್ಡೆ

ನಮ್ಮೂರು ಹಾಸನ ತಾಲೂಕಿನ ದುದ್ದ ಹೋಬಳಿ. ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ, ಮುಂಗಾರಿಗೆ ಆಲೂಗೆಡ್ಡೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ನೇಗಿಲು ಹಿಡಿದವನು ನಾನು. ಮಗಳನ್ನು ಕೊಟ್ಟಿರುವುದು ಘಾಟಿ ಇಳಿದ ಮೇಲೆ ಸಿಗುವ ಗುಂಡ್ಯಕ್ಕೆ. ಅವರದು ಒಂದೂವರೆ ಎಕರೆ ಅಡಿಕೆ ತೋಟ. ನಾವು ಆಲೂಗೆಡ್ಡೆ ಅನ್ನುವುದನ್ನು ಅಲ್ಲಿ ಬಟಾಟೆ ಅಂತಾರೆ.

2023ರ ಜುಲೈನಲ್ಲಿ ಮಗಳ ಮನೆಗೆ ಹೋಗಿದ್ದೆ. ಜಗಲಿ ಪಕ್ಕ ಆರು ಕಪ್ಪು ಚೀಲ ಸಾಲಾಗಿ ನಿಂತಿದ್ದವು. ಒಂದರಲ್ಲೂ ಗಿಡ ಇಲ್ಲ. ಕೈ ಹಾಕಿ ನೋಡಿದೆ. ಬೀಜದ ಗೆಡ್ಡೆ ಕೊಳೆತು ಅಂಟಾಗಿತ್ತು, ವಾಸನೆ ಬೇರೆ. ಅಳಿಯಂದಿರು ಜೂನ್ ತಿಂಗಳಲ್ಲಿ ಅಂಗಡಿ ಬಟಾಟೆ ಕತ್ತರಿಸಿ ನೆಟ್ಟಿದ್ದರಂತೆ.

"ಮಳೆ ಜಾಸ್ತಿಯಾಯ್ತು ಮಾವ. ಮುಂದಿನ ಸಲ ಮಾಡಿನ ಅಡಿಗೆ ಇಡ್ತೇನೆ. ಒಂದು ಚೀಲದಲ್ಲಿ ಹತ್ತು ಕಿಲೋ ಆಗ್ತದಂತೆ. ಇನ್ನೂರು ಚೀಲ ಮಾಡುವ ಅಂತ ಉಂಟು" ಅಂದರು.

ಚೀಲ, ತೆಂಗಿನ ನಾರಿನ ಪುಡಿ, ಬೀಜ ಎಲ್ಲ ಸೇರಿಸಿ ಒಂದಕ್ಕೆ 250 ರೂಪಾಯಿಯಂತೆ ಕೊಡುತ್ತೇನೆಂದು ಒಬ್ಬ ಮಾರಾಟಗಾರ ಹೇಳಿದ್ದನಂತೆ. ಇನ್ನೂರಕ್ಕೆ 50,000 ರೂಪಾಯಿ. ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಅಡಿಕೆ ಇಳುವರಿ ಇಳಿದಿತ್ತು. ಬೇರೆ ಆದಾಯ ಹುಡುಕುತ್ತಿದ್ದರು, ಅದು ತಪ್ಪಲ್ಲ. ಆದರೆ ಆ ದುಡ್ಡಿಗೂ ಸಾಲವೇ ಆಗಬೇಕಿತ್ತು. ಮಗಳು ಒಳಗೆ ಕರೆದು, "ಅಪ್ಪ, ನೀನು ಇಷ್ಟು ವರ್ಷ ಬೆಳೆದಿದ್ದೀಯ. ಆಗುತ್ತೋ ಇಲ್ವೋ ನೀನೇ ಹೇಳಪ್ಪ" ಅಂದಳು.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. "ಇನ್ನೂರು ಬೇಡ, ಹನ್ನೆರಡು ಚೀಲ ಮಾಡೋಣ. ಚೀಲಕ್ಕೆ ಕಾಸು ಬೇಡ. ಆಮೇಲೆ ತೂಕ ಹಾಕಿ ಮಾತಾಡೋಣ" ಅಂದೆ. ಅದರ ಲೆಕ್ಕವೇ ಈ ಲೇಖನ.

ಆಲೂಗೆಡ್ಡೆ ನನಗೆ ಕಲಿಸಿದ ಪಾಠ

ಮೊದಲು ನನ್ನ ಸೋಲು ಹೇಳಿಬಿಡ್ತೀನಿ. ನಮ್ಮ ಕಡೆ ಮೇ-ಜೂನ್ ತಿಂಗಳಲ್ಲಿ ಬಿತ್ತನೆ, ಆಗಸ್ಟ್-ಸೆಪ್ಟೆಂಬರಿಗೆ ಕೀಳುವುದು. ಎಕರೆಗೆ ಐದಾರು ಕ್ವಿಂಟಾಲ್ ಬೀಜ ಬೇಕು. ಬೀಜ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಖರ್ಚಿನಲ್ಲಿ ದೊಡ್ಡ ಪಾಲು ಬೀಜಕ್ಕೇ ಹೋಗುತ್ತೆ.

2007ರ ಮುಂಗಾರಿನಲ್ಲಿ ಮೂರು ಎಕರೆ ಹಾಕಿದ್ದೆ. ಗಿಡ ಮೊಣಕಾಲೆತ್ತರ ಬಂದಾಗ ಜಡಿಮಳೆ, ಮೋಡ, ತಂಡಿ ಗಾಳಿ ಹಿಡಿಯಿತು. ಎಲೆ ಅಂಚಿನಲ್ಲಿ ನೀರು ಚೆಲ್ಲಿದಂಥ ಮಚ್ಚೆ. ಎಲೆ ತಿರುಗಿಸಿದರೆ ಬಿಳಿ ಬೂಷ್ಟು. ಹತ್ತು ದಿನದಲ್ಲಿ ಹೊಲವೆಲ್ಲ ಬೆಂಕಿ ಬಿದ್ದ ಹಾಗೆ ಕಪ್ಪಾಯಿತು. ಬೀಜದ ಸಾಲ ತೀರಿಸಲು ಜೋಡೆತ್ತು ಮಾರಿದೆ. ಇದೇ ಅಂಗಮಾರಿ ರೋಗ. ಹಾಸನ ಜಿಲ್ಲೆಯಲ್ಲಿ ಬಹಳ ಜನ ಆಲೂಗೆಡ್ಡೆ ಬಿಟ್ಟು ಜೋಳಕ್ಕೆ ಹೋಗಲು ಇದೂ ಒಂದು ಕಾರಣ. ಐರ್ಲೆಂಡ್ ದೇಶದಲ್ಲಿ 1845ರಿಂದ ಕೆಲವು ವರ್ಷ ಇದೇ ರೋಗ ಬಂದು, ಹಸಿವು, ಕಾಯಿಲೆಯಿಂದ ಸುಮಾರು ಹತ್ತು ಲಕ್ಷ ಜನ ಸತ್ತರು.

ಅಡಿಕೆ ಬೆಳೆಗಾರರಿಗೆ ಒಂದು ಮಾತು. ಈ ಅಂಗಮಾರಿಯೂ ನಿಮ್ಮ ಅಡಿಕೆಯ ಕೊಳೆರೋಗವೂ ದಾಯಾದಿಗಳು. ಎರಡೂ ಫೈಟಾಫ್ತೊರಾ ಅನ್ನುವ ಒಂದೇ ವಂಶದ, ಶಿಲೀಂಧ್ರದಂಥ ಸೂಕ್ಷ್ಮಜೀವಿಗಳಿಂದ ಬರುವಂಥವು. ಎರಡಕ್ಕೂ ಎಡೆಬಿಡದ ಮಳೆ, ತಂಪು ಬೇಕು. ಎರಡಕ್ಕೂ ರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಹೊಡೆದರೆ ಪ್ರಯೋಜನ. ಬಂದ ಮೇಲೆ ಹೊಡೆದರೆ ಔಷಧಿ ಖರ್ಚು ಮಾತ್ರ. ನಾನು ಮಾಡಿದ ತಪ್ಪು ಅದೇ.

ಹಾಗಾದರೆ ಗುಂಡ್ಯದಂಥ ಮಳೆಯ ಊರಲ್ಲಿ ಜೂನ್‌ನಲ್ಲಿ ನೆಟ್ಟರೆ ಏನಾದೀತು, ಹೇಳಬೇಕಾಗಿಲ್ಲ. ಮಾಡಿನ ಅಡಿ ಇಟ್ಟರೆ ಮಳೆ ತಪ್ಪಬಹುದು, ಆದರೆ ಬಿಸಿಲೂ ತಪ್ಪುತ್ತೆ. ಗಿಡ ಉದ್ದಕ್ಕೆ ಎಳೆದುಕೊಳ್ಳುತ್ತೆ, ಗೆಡ್ಡೆ ಬರಲ್ಲ.

ಗೆಡ್ಡೆ ಕಟ್ಟುವುದು ರಾತ್ರಿಯ ತಂಪಿಗೆ

ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಪೆರು ಕಡೆಯ ಎತ್ತರದ ಬೆಟ್ಟಗಳು. ಹಗಲು ಬಿಸಿಲಿದ್ದರೂ ತಡೆಯುತ್ತೆ, ರಾತ್ರಿ ಮಾತ್ರ ತಂಪಾಗಲೇಬೇಕು. ಹಗಲು ಎಲೆ ಹಿಟ್ಟು ಮಾಡುತ್ತೆ. ರಾತ್ರಿ ಅದು ಕೆಳಗೆ ಇಳಿದು ಗೆಡ್ಡೆಯಲ್ಲಿ ಸೇರಬೇಕು. ರಾತ್ರಿ ಸೆಕೆಯಿದ್ದರೆ ಗಿಡ ಉಸಿರಾಡಿಯೇ ಆ ಹಿಟ್ಟನ್ನು ಖರ್ಚು ಮಾಡುತ್ತೆ, ಗೆಡ್ಡೆ ಕಟ್ಟುವ ಕೆಲಸವೂ ಶುರುವಾಗುವುದಿಲ್ಲ. ರಾತ್ರಿ 20 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು.

ಹಾಸನ ಸುಮಾರು 3000 ಅಡಿ ಎತ್ತರದಲ್ಲಿದೆ. ಅದಕ್ಕೇ ಅಲ್ಲಿ ಮುಂಗಾರಿನಲ್ಲೂ ಬೆಳೆ ಬರುತ್ತೆ. ಗುಂಡ್ಯ ಘಾಟಿಯ ಬುಡ. ಅಳಿಯಂದಿರು ಗೋಡೆಗೆ ಒಂದು ಉಷ್ಣಮಾಪಕ ತೂಗಿಹಾಕಿ ಬೆಳಿಗ್ಗೆ ಆರಕ್ಕೆ ಬರೆದಿಟ್ಟರು. ನವೆಂಬರ್ ಮೊದಲಲ್ಲಿ 22-23 ಇತ್ತು. ಡಿಸೆಂಬರ್ ನಡುವಿನಿಂದ ಜನವರಿ ಕೊನೆವರೆಗೆ 18ರಿಂದ 20. ಕಾಡು, ಹೊಳೆ ಪಕ್ಕ ಇರುವುದರಿಂದ ಅಷ್ಟಾದರೂ ಚಳಿ. ಇಲ್ಲಿ ಆಲೂಗೆಡ್ಡೆಗೆ ಸಿಗುವುದು ಈ ಆರೇಳು ವಾರ ಮಾತ್ರ. ಗೆಡ್ಡೆ ಕಟ್ಟುವ ಹೊತ್ತು ಸರಿಯಾಗಿ ಈ ವಾರಗಳಿಗೆ ಬರುವ ಹಾಗೆ ನೆಡಬೇಕು. ನೆಟ್ಟ 35-40 ದಿನಕ್ಕೆ ಗೆಡ್ಡೆ ಕಟ್ಟಲು ಶುರು. ಅಂದರೆ ನವೆಂಬರ್ ಮೊದಲ ವಾರ ನೆಡಬೇಕು. ಜನವರಿಯಲ್ಲಿ ನೆಟ್ಟರೆ ಗೆಡ್ಡೆ ಕಟ್ಟುವಾಗ ಫೆಬ್ರವರಿ-ಮಾರ್ಚಿನ ಸೆಕೆ. ಬರೀ ಸೊಪ್ಪು.

ಬೀಜ

ಆಲೂಗೆಡ್ಡೆ ಬೇರಲ್ಲ, ಮಣ್ಣೊಳಗಿನ ಕಾಂಡ. ಅದರ ಕಣ್ಣುಗಳೇ ಮೊಗ್ಗು. ಕಿತ್ತ ಹೊಸದರಲ್ಲಿ ಆ ಕಣ್ಣು ಎರಡು ತಿಂಗಳಷ್ಟು ಕಾಲ ನಿದ್ದೆ ಮಾಡುತ್ತೆ. ಆಗ ನೆಟ್ಟರೆ ಏಳುವುದಿಲ್ಲ, ಕೊಳೆಯುತ್ತೆ.

ಇಲ್ಲಿ ನಮಗೊಂದು ಅನುಕೂಲ ಕಂಡಿತು. ನಮ್ಮ ಹೊಲದ ಮುಂಗಾರು ಗೆಡ್ಡೆ ಆಗಸ್ಟ್ ಕೊನೆಗೆ ಕಿತ್ತದ್ದು. ನಿದ್ದೆ ಮುಗಿಸಿ ಮೊಳಕೆ ಬಿಡುವುದು ನವೆಂಬರ್ ಹೊತ್ತಿಗೆ. ಗುಂಡ್ಯದಲ್ಲಿ ನೆಡುವ ಕಾಲವೂ ಅದೇ. ಒಂದು ಕಿಲೋ ಆರಿಸಿ ಬಸ್ಸಿನಲ್ಲಿ ತಂದೆ. ತಳಿ ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ಹಳೇ ತಳಿ, ಹಾಸನದವರು ಬಿಟ್ಟಿಲ್ಲ. ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಊರಿನ ಹೆಸರು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ಸೆಕೆ ತಡೆಯುವ ಕುಫ್ರಿ ಸೂರ್ಯ ಅನ್ನುವ ತಳಿಯನ್ನೂ 2006ರಲ್ಲಿ ಕೊಟ್ಟಿದ್ದಾರೆ. ಕರಾವಳಿಯವರಿಗೆ ಅದು ಸಿಕ್ಕಿದರೆ ಇನ್ನೂ ಒಳ್ಳೆಯದು.

ಕೋಳಿಮೊಟ್ಟೆ ಗಾತ್ರದ್ದನ್ನು ಇಡಿಯಾಗಿ ನೆಡಿ. ದೊಡ್ಡದಾದರೆ ಎರಡು ಕಣ್ಣು ಉಳಿಯುವ ಹಾಗೆ ಕತ್ತರಿಸಿ, ಬೂದಿ ಸವರಿ, ನೆರಳಲ್ಲಿ ಎರಡು ದಿನ ಒಣಗಿಸಿ. ಕತ್ತರಿಸಿದ ತಕ್ಷಣ ಹಸಿ ಮಣ್ಣಿಗೆ ಹಾಕಬೇಡಿ. ಮನೆಯಲ್ಲೇ ಬೆಳೆದದ್ದನ್ನು ವರ್ಷ ವರ್ಷ ಬೀಜಕ್ಕೆ ಇಟ್ಟುಕೊಂಡು ಹೋಗಬೇಡಿ. ಹೇನು ಕಚ್ಚಿ ನಂಜುರೋಗ ಸೇರುತ್ತೆ, ವರ್ಷ ಹೋದ ಹಾಗೆ ಗೆಡ್ಡೆ ಸಣ್ಣದಾಗುತ್ತೆ. ನಾವು ಪಂಜಾಬಿನ ಬೀಜ ತರಿಸುವುದೂ ಅದಕ್ಕೇ. ಅಲ್ಲಿ ಚಳಿಗಾಲದಲ್ಲಿ ಹೇನು ಕಡಿಮೆ ಇರುವ ದಿನ ನೋಡಿ ಬೀಜ ಬೆಳೆಯುತ್ತಾರೆ. ಈಗ ಹಾಸನ ಕಡೆ ಕುಡಿ ಬೇರು ಬರಿಸಿ ಮಾಡಿದ ಸಸಿಯಿಂದ ಬೀಜದ ಗೆಡ್ಡೆ ಬೆಳೆಯುವ ಕೆಲಸವೂ ನಡೆದಿದೆ.

ಚೀಲ ಮತ್ತು ಮಣ್ಣು

ತೋಟದ ಮೂಲೆಯಲ್ಲಿ ನೆಟ್ಟರೆ ಆಗದೇ ಅಂತ ಕೇಳಬಹುದು. ಅಲ್ಲಿ ಹಂದಿ ಬಿಡುವುದಿಲ್ಲ. ಮಣ್ಣೂ ಗಟ್ಟಿ, ಗೆಡ್ಡೆ ಉಬ್ಬಲು ಸಡಿಲ ಮಣ್ಣೇ ಬೇಕು. ಚೀಲವಾದರೆ ಮನೆ ಮುಂದೆಯೇ ಇರುತ್ತೆ.

ಖಾಲಿ ಗೊಬ್ಬರ ಚೀಲ ಸಾಕು. ಬಿಳಿಯದಾದರೆ ಒಳ್ಳೆಯದು. ಕಪ್ಪು ಚೀಲ ಬಿಸಿಲಿಗೆ ಕಾದು ಮಣ್ಣು ಬಿಸಿಯಾಗುತ್ತೆ. ಚೆನ್ನಾಗಿ ತೊಳೆದು, ತಳದಲ್ಲೂ ಬುಡದ ಬದಿಯಲ್ಲೂ ಪೆನ್ಸಿಲ್ ಗಾತ್ರದ ಹತ್ತು ತೂತು ಮಾಡಿ. ಎರಡು ಕಲ್ಲಿನ ಮೇಲೆ ಇಡಿ, ನೀರು ಇಳಿದು ಹೋಗಬೇಕು. ಬೆಳಗಿನ ಬಿಸಿಲು ಪೂರ್ತಿ ಬೀಳಬೇಕು, ಮೂರು ಗಂಟೆಯ ಮೇಲೆ ನೆರಳು ಬಂದರೆ ಚಿಂತೆಯಿಲ್ಲ. ನಾವು ಅಡಿಕೆ ಒಣಹಾಕುವ ಅಂಗಳದ ಪೂರ್ವದ ಬದಿಗೆ ಇಟ್ಟೆವು.

ಮಣ್ಣಿನ ವಿಷಯದಲ್ಲಿ ನಾನು ಬೀಗಿತ್ತಿಯವರಿಂದ ಕಲಿತೆ. ನನಗೆ ಗೊತ್ತಿದ್ದದ್ದು ಹೊಲದ ಕೆಂಪು ಮಣ್ಣು, ತಿಪ್ಪೆಗೊಬ್ಬರ. ಅವರು, "ಸುಡುಮಣ್ಣು ಹಾಕದೆ ತರಕಾರಿ ಆಗ್ಲಿಕ್ಕುಂಟಾ?" ಅಂದರು. ತರಗೆಲೆ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಹೊಗೆಯಾಡಿಸುತ್ತ ನಿಧಾನ ಸುಟ್ಟ ಮಣ್ಣು ಅದು. ಹುಡಿಹುಡಿಯಾಗಿರುತ್ತೆ. ರೋಗ, ಕಳೆಬೀಜ ಕಡಿಮೆ. ಚೀಲಕ್ಕೆ ಎರಡು ಬುಟ್ಟಿ ಸುಡುಮಣ್ಣು, ಒಂದು ಬುಟ್ಟಿ ಹಳೇ ಹಟ್ಟಿಗೊಬ್ಬರ, ಅರ್ಧ ಬುಟ್ಟಿ ಕೊಳೆತ ಅಡಿಕೆ ಸಿಪ್ಪೆ. ಹಸಿ ಸಗಣಿ ಬೇಡ. ಸುಣ್ಣವೂ ಬೇಡ, ಸಿಪ್ಪೆಗೆ ಕಜ್ಜಿ ಬರುತ್ತೆ. ಯೂರಿಯಾ ಹಾಕಿದರೆ ಸೊಪ್ಪು ಹೆಚ್ಚಿ ಗೆಡ್ಡೆ ಹಿಂದೆ ಬೀಳುತ್ತೆ.

ಮೂರು ಬಗೆ ಮಾಡಿ ನೋಡಿದ್ದು

ಚೀಲದ ಬಾಯಿವರೆಗೆ ಮಣ್ಣು ಏರಿಸುತ್ತಾ ಹೋದರೆ ಅಂತಸ್ತು ಅಂತಸ್ತಾಗಿ ಗೆಡ್ಡೆ ಬರುತ್ತೆ, ಹತ್ತು ಕಿಲೋ ಆಗುವುದು ಹಾಗೆ ಅಂತ ಮಾರಾಟಗಾರ ಹೇಳಿದ್ದು. ಇದನ್ನು ಪರೀಕ್ಷಿಸಲು ನಾಲ್ಕು ನಾಲ್ಕು ಚೀಲದ ಮೂರು ಗುಂಪು ಮಾಡಿದೆವು. ಚೀಲಕ್ಕೆ ಎರಡೆರಡು ಬೀಜ. 2023ರ ನವೆಂಬರ್ 5ರಂದು ನೆಟ್ಟೆವು.

ಮೊದಲ ಗುಂಪು: ಮುಕ್ಕಾಲು ಚೀಲ ಮಣ್ಣು ಒಂದೇ ಸಲ ತುಂಬಿ, ಮೇಲಿಂದ ನಾಲ್ಕು ಬೆರಳು ಆಳದಲ್ಲಿ ಬೀಜ. ಮತ್ತೆ ಮಣ್ಣು ಹಾಕಲಿಲ್ಲ.

ಎರಡನೇ ಗುಂಪು: ಚೀಲದ ಬಾಯಿ ಮಡಚಿ ಒಂದು ಗೇಣು ಮಣ್ಣು ತುಂಬಿ ಬೀಜ ಇಟ್ಟು, ಮೇಲೆ ನಾಲ್ಕು ಬೆರಳು ಮಣ್ಣು. ಗಿಡ ಗೇಣುದ್ದ ಆದಾಗ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ, ತಲಾ ನಾಲ್ಕು ಬೆರಳು ಮಣ್ಣು ಏರಿಸಿದೆವು.

ಮೂರನೇ ಗುಂಪು: ಮಾರಾಟಗಾರ ಹೇಳಿದ ಹಾಗೆ. ಐದು ಸಲ ಮಣ್ಣು, ಚೀಲದ ಬಾಯಿವರೆಗೆ.

ಮಣ್ಣು ಏರಿಸುವುದಕ್ಕೆ ಕಾರಣ ಇದೆ. ಬೀಜದ ಮೇಲಿನ ಕಾಂಡದಿಂದ ಬಿಳಿ ಎಳೆಗಳು ಅಡ್ಡಕ್ಕೆ ಹೊರಡುತ್ತವೆ. ಅವುಗಳ ತುದಿ ಉಬ್ಬಿದ್ದೇ ಗೆಡ್ಡೆ. ಗೆಡ್ಡೆಗೆ ಬೆಳಕು ಬಿದ್ದರೆ ಹಸಿರಾಗಿ ಕಹಿ ವಿಷ ಸೇರುತ್ತೆ. ಹಸಿರಾದದ್ದನ್ನು ತಿನ್ನಬಾರದು, ಮಕ್ಕಳಿಗಂತೂ ಕೊಡಲೇಬಾರದು. ಗಿಡದ ಸೊಪ್ಪು, ಗೋಲಿಯಂಥ ಕಾಯಿ ಕೂಡ ವಿಷವೇ. ಹಸುವಿಗೆ ಹಾಕಬೇಡಿ.

ನೀರು: ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ತೂರಿಸಿ, ಒಣಗಿದ್ದರೆ ಮಾತ್ರ ಹಾಕಿ. ಮೊದಲು ದಿನ ಬಿಟ್ಟು ದಿನ ಎರಡು ಲೀಟರ್ ಸಾಕಾಯಿತು. ನಲವತ್ತು ದಿನ ಆದ ಮೇಲೆ ದಿನಾ ಬೇಕಾಯಿತು. ಆಗ ಒಂದು ಸಲ ಒಣಗಿಸಿ ಮತ್ತೆ ಜಾಸ್ತಿ ಹಾಕಿದರೆ ಗೆಡ್ಡೆ ಬಿರಿಯುತ್ತೆ. ಬೆಳಿಗ್ಗೆ, ಬುಡಕ್ಕೆ ಮಾತ್ರ. ಎಲೆ ನೆನೆಸಬೇಡಿ.

ನವೆಂಬರ್ ಕೊನೆಗೆ ಎರಡು ದಿನ ಅಕಾಲ ಮಳೆ ಬರುವ ಹಾಗಿತ್ತು. ಅಳಿಯಂದಿರು ಶೇಕಡಾ 1ರ ಬೋರ್ಡೋ ಒಂದು ಸಲ ಸಿಂಪಡಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ನಿಮ್ಮ ಅಡಿಕೆಯ ಲೆಕ್ಕವೇ. ನಮಗೆ ಬೇಕಾದದ್ದು ಎರಡು ಲೀಟರ್, ಅದಕ್ಕೆ ಇಪ್ಪತ್ತು ಇಪ್ಪತ್ತು ಗ್ರಾಂ ಸಾಕಾಯಿತು. ಅಂಗಮಾರಿ ಬರಲಿಲ್ಲ.

ಬಂದದ್ದು ಬೇರೆ ರೋಗ. ಮೂರನೇ ಗುಂಪಿನ ಒಂದು ಚೀಲದಲ್ಲಿ ಗಿಡ ಹಸಿರಿದ್ದ ಹಾಗೆಯೇ ಒಂದೇ ದಿನಕ್ಕೆ ಬಾಡಿತು. ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗಿಸಿ ಹಿಡಿದೆ. ಐದು ನಿಮಿಷದಲ್ಲಿ ಹಾಲಿನ ಎಳೆಯ ಹಾಗೆ ಬಿಳಿ ದ್ರವ ಇಳಿಯಿತು. ಅದು ದುಂಡಾಣು ಸೊರಗು ರೋಗ. ಕರಾವಳಿಯಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡ ನಿಂತಲ್ಲೇ ಬಾಡುವುದು ಇದರಿಂದಲೇ. ಆ ಚೀಲಕ್ಕೆ ಸುಡುಮಣ್ಣು ಸಾಲದೆ ಹಳೇ ಬದನೆ ಸಾಲಿನ ಮಣ್ಣು ಹಾಕಿದ್ದೆವು. ಇದಕ್ಕೆ ಔಷಧಿ ಇಲ್ಲ. ಚೀಲ ಸಮೇತ ದೂರ ಒಯ್ದು ಗಿಡ ಸುಟ್ಟೆವು. ಬದನೆ-ಟೊಮೆಟೊ ಬೆಳೆದ ಮಣ್ಣು ಆಲೂಗೆಡ್ಡೆಗೆ ಬೇಡ, ಆಲೂಗೆಡ್ಡೆ ಬೆಳೆದ ಮಣ್ಣು ಅವಕ್ಕೂ ಬೇಡ. ಎಲ್ಲ ಒಂದೇ ಕುಲ.

ಕಿತ್ತ ದಿನದ ಲೆಕ್ಕ

ಜನವರಿ ಇಪ್ಪತ್ತರ ಮೇಲೆ ಎಲೆ ಹಳದಿಯಾಯಿತು. ನೀರು ನಿಲ್ಲಿಸಿದೆವು. ಜನವರಿ 30ಕ್ಕೆ, ಅಂದರೆ 86 ದಿನಕ್ಕೆ, ಚೀಲ ಮಗುಚಿದೆವು. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಏಳದಿದ್ದರೆ ಬಲಿತಿದೆ ಎಂದು ಲೆಕ್ಕ. ಮಗಳು ತಕ್ಕಡಿ ಹಿಡಿದು ಬರೆದುಕೊಂಡಳು.

ಮೊದಲ ಗುಂಪು, ನಾಲ್ಕು ಚೀಲ: 2.3 ಕಿಲೋ. ಇದರಲ್ಲಿ ಅರ್ಧ ಕಿಲೋ ಹಸಿರಾಗಿ ಬಿಸಾಡಬೇಕಾಯಿತು.

ಎರಡನೇ ಗುಂಪು, ನಾಲ್ಕು ಚೀಲ: 3.9 ಕಿಲೋ.

ಮೂರನೇ ಗುಂಪು, ಉಳಿದ ಮೂರು ಚೀಲ: 2.7 ಕಿಲೋ.

ಮೂರನೇ ಗುಂಪಿನ ಚೀಲವನ್ನು ಬದಿಯಿಂದ ಸೀಳಿ ನಿಧಾನ ಬಿಡಿಸಿ ನೋಡಿದೆವು. ಗೆಡ್ಡೆ ಇದ್ದದ್ದು ಬೀಜ ಇಟ್ಟ ಜಾಗದಿಂದ ಒಂದು ಗೇಣಿನ ಒಳಗೆ. ಮೇಲೆ ಬರೀ ಮಣ್ಣು, ಬರೀ ಕಾಂಡ. ಅಂತಸ್ತು ಇಲ್ಲ, ಏನೂ ಇಲ್ಲ. ಎರಡು ಸಲಕ್ಕಿಂತ ಹೆಚ್ಚು ಏರಿಸಿದ ಮಣ್ಣು ದಂಡ. ಅಳಿಯಂದಿರು ಮಾತಾಡಲಿಲ್ಲ, ಇನ್ನೊಂದು ಚೀಲ ತಾವೇ ಸೀಳಿದರು. ಅದೂ ಹಾಗೆಯೇ.

ತಿನ್ನಲು ಸಿಕ್ಕಿದ್ದು ಒಟ್ಟು 8.4 ಕಿಲೋ. ಹನ್ನೆರಡು ಚೀಲಕ್ಕೆ ಹಂಚಿದರೆ ಚೀಲಕ್ಕೆ 700 ಗ್ರಾಂ. ಆ ವಾರ ಅಂಗಡಿಯಲ್ಲಿ ಕಿಲೋಗೆ 30 ರೂಪಾಯಿ ಇತ್ತು. ಇನ್ನೂರು ಚೀಲ ಮಾಡಿದ್ದರೆ 140 ಕಿಲೋ, 4,200 ರೂಪಾಯಿ. ಖರ್ಚು 50,000. ಎಲ್ಲ ಚೀಲವೂ ಎರಡನೇ ಗುಂಪಿನ ಹಾಗೆ ಬಂದರೂ 6,000 ದಾಟುವುದಿಲ್ಲ. ಚೀಲ ನಾಲ್ಕು ವರ್ಷ ಬಾಳಿದರೂ ಗಂಟು ಹಿಂದೆ ಬರಲ್ಲ, ಬೀಜವಂತೂ ಪ್ರತಿವರ್ಷ ಹೊಸದು.

"ಆಗ್ಲಿಕ್ಕಿಲ್ಲ ಮಾವ" ಅಂದರು ಅಳಿಯಂದಿರು. ಅಷ್ಟು ಮಾತು ಅವರ ಬಾಯಿಂದಲೇ ಬಂದದ್ದು ನನಗೆ ಸಮಾಧಾನ. ಸಾಲ ತೆಗೆಯಲಿಲ್ಲ. ಕೈಯಲ್ಲಿದ್ದ ಸ್ವಲ್ಪ ದುಡ್ಡಿನಲ್ಲಿ ತೋಟದ ಬಸಿಗಾಲುವೆ ಬಿಡಿಸಿದರು.

ಹಾಗಾದರೆ ಬೆಳೆಯಬೇಕೋ ಬೇಡವೋ?

ಮಾರಲು ಬೇಡ. ಮನೆಗೆ ಬೆಳೆಯಿರಿ. ಖಾಲಿ ಚೀಲ, ಮನೆಯದೇ ಗೊಬ್ಬರ, ಒಂದು ಕಿಲೋ ಬೀಜ. ನಮಗೆ ಕಾಸಿನ ಖರ್ಚು ಬೀಜಕ್ಕೆ ಬಿಟ್ಟರೆ ಇರಲಿಲ್ಲ. ಒಂದಕ್ಕೆ ಎಂಟರಷ್ಟು ಬಂತು. ಮಗಳ ಮನೆಗೆ ಒಂದು ತಿಂಗಳ ಪಲ್ಯ-ಸಾಂಬಾರಿಗೆ ಆಯಿತು. ಹೊಸ ಗೆಡ್ಡೆಯ ರುಚಿ ಬೇರೆಯೇ, ಸಿಪ್ಪೆ ತೆಗೆಯುವುದೂ ಬೇಡ. ಮೊಮ್ಮಗ ಮಣ್ಣಿನಲ್ಲಿ ಕೈಯಾಡಿಸಿ ಒಂದೊಂದೇ ಹೆಕ್ಕಿದ. ಮಳೆಗಾಲದಲ್ಲಿ ಅದೇ ಚೀಲದಲ್ಲಿ ನಿಮ್ಮ ಕಡೆಯ ಸಾಂಬ್ರಾಣಿ ಗೆಡ್ಡೆ ನೆಡಬಹುದು, ಅದು ನಿಮ್ಮ ಸೆಕೆಗೆ, ಮಳೆಗೆ ಒಗ್ಗಿದ್ದು.

ನೆನಪಿಡಬೇಕಾದ್ದು ಇಷ್ಟು. ನವೆಂಬರ್ ಮೊದಲ ವಾರ ನೆಡಿ. ಮೊಳಕೆ ಬಂದ ಬೀಜ ಇಡಿ. ಬಿಳಿ ಚೀಲ, ಸುಡುಮಣ್ಣು. ಎರಡು ಸಲ ಮಾತ್ರ ಮಣ್ಣು ಏರಿಸಿ. ಹಸಿರಾದ ಗೆಡ್ಡೆ ಬಿಸಾಡಿ. ಇನ್ನೂರು ಚೀಲದ ಆಸೆ ಯಾರಾದರೂ ತೋರಿಸಿದರೆ ಮೊದಲು ಹನ್ನೆರಡು ಮಾಡಿ ತೂಕ ಹಾಕಿ.

2007ರಲ್ಲಿ ನನಗೆ ಹೀಗೆ ಹೇಳುವವರು ಯಾರಾದರೂ ಇದ್ದಿದ್ದರೆ ಮೂರು ಎಕರೆ ಬದಲು ಒಂದು ಎಕರೆ ಹಾಕುತ್ತಿದ್ದೆನೋ ಏನೋ. ಆ ಎತ್ತುಗಳು ಕೊಟ್ಟಿಗೆಯಲ್ಲೇ ಉಳಿಯುತ್ತಿದ್ದವು.

ಸುಳ್ಯ, ಪುತ್ತೂರು, ಕಡಬದ ಕಡೆ ಯಾರಾದರೂ ಕುಫ್ರಿ ಸೂರ್ಯ ತಳಿಯನ್ನು ಚೀಲದಲ್ಲಿ ಬೆಳೆದಿದ್ದರೆ, ನೆಟ್ಟ ದಿನ, ಕಿತ್ತ ದಿನ, ತೂಕ ಮೂರನ್ನೂ ಪತ್ರಿಕೆಗೆ ಬರೆಯಿರಿ. ಬರುವ ನವೆಂಬರಿಗೆ ನಾವೂ ಅದನ್ನು ಹಾಕಿ ನೋಡುತ್ತೇವೆ.